ಬಾಟಲಿ ತಿರುಗಿಸುವ ಮರದ ಹಲಗೆ
ವವ್ ಕ್ಲಿಕೊ ಶಾಂಪೇನ್ ಸಂಸ್ಥೆ, ರೀಮ್ಸ್, ಫ್ರಾನ್ಸ್

ತಲೆ ಕೂಡಿಸಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಈ ಎರಡು ಹಲಗೆಗಳ ತುಂಬ ಓರೆಯಾಗಿ ಕೊರೆದ ತೂತುಗಳಿವೆ. ಒಂದೊಂದರಲ್ಲೂ ಒಂದು ಬಾಟಲಿಯ ಕತ್ತು ಕೂರುತ್ತದೆ.

ಶಾಂಪೇನ್ ಎರಡನೇ ಸಲ ಹುದುಗುವುದು ಬಾಟಲಿಯೊಳಗೇ. ಗುಳ್ಳೆಗಳು ಹುಟ್ಟುವುದೂ ಅಲ್ಲೇ. ಆದರೆ ಸತ್ತ ಯೀಸ್ಟ್ ಗಷ್ಟಾಗಿ ಉಳಿದು ವೈನನ್ನು ಮಬ್ಬಾಗಿಸುತ್ತದೆ. ಗುಳ್ಳೆ ಹೋಗಬಾರದು, ಗಷ್ಟು ಮಾತ್ರ ಹೊರಬರಬೇಕು.

ಇದಕ್ಕೆ ದಾರಿ ತೋರಿಸಿದವರು ಬಾರ್ಬ್-ನಿಕೋಲ್ ಕ್ಲಿಕೊ. 1772ರಲ್ಲಿ ಮಾವ ಕಟ್ಟಿದ ಸಂಸ್ಥೆಯನ್ನು, 1805ರಲ್ಲಿ ಗಂಡ ತೀರಿಕೊಂಡಾಗ, 27ರ ವಯಸ್ಸಿನಲ್ಲಿ ಅವರು ವಹಿಸಿಕೊಂಡರು. ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆಯಿಲ್ಲದೆ ವ್ಯಾಪಾರ ನಡೆಸಲು ಕಾನೂನು ಬಿಡದ ಕಾಲವದು. ವಿಧವೆಗೆ ಆ ಸ್ವಾತಂತ್ರ್ಯವಿತ್ತು. ಅದನ್ನು ಅವರು ಎಷ್ಟು ಧೈರ್ಯವಾಗಿ ಬಳಸಿಕೊಂಡರು ಎಂಬುದಕ್ಕೆ ಗಷ್ಟು ತೆಗೆಯುವ ಈ ವಿಧಾನವೇ ಸಾಕ್ಷಿ. 1816ರಲ್ಲಿ ಮೇಜೊಂದಕ್ಕೆ ತೂತು ಕೊರೆಸಿ, ಬಾಟಲಿಗಳನ್ನು ತಲೆಕೆಳಗಾಗಿ ಇಡಿಸಿದರು. ದಿನವೂ ಒಂದಿಷ್ಟು ತಿರುಗಿಸುತ್ತ ಬಂದರೆ ಗಷ್ಟೆಲ್ಲ ಜಾರಿ ಬಿರಡೆಯ ಬಳಿ ಸೇರುತ್ತದೆ. ಬಿರಡೆ ತೆಗೆದಾಗ ಅದು ಮೊದಲು ಚಿಮ್ಮಿ ಹೋಗುತ್ತದೆ. ಮುಂದೆ ಆ ಮೇಜೇ ಈ ಹಲಗೆಯ ರೂಪ ತಾಳಿತು.

ಬಾಟಲಿಗಳ ತಳವನ್ನು ಗಮನಿಸಿ: ಬಿಳಿ ಬಣ್ಣದ ಸಣ್ಣದೊಂದು ಗುರುತಿದೆ. ಎಷ್ಟು ತಿರುಗಿಸಿದ್ದಾಯಿತು ಎಂದು ಕೆಲಸಗಾರರಿಗೆ ತಿಳಿಯುವುದು ಅದರಿಂದಲೇ. ನುರಿತವರು ಎರಡೂ ಕೈಗಳಿಂದ ದಿನಕ್ಕೆ ಹತ್ತಾರು ಸಾವಿರ ಬಾಟಲಿ ತಿರುಗಿಸುತ್ತಾರೆ.

ಇಂದು ಹೆಚ್ಚಿನ ಬಾಟಲಿಗಳನ್ನು ಯಂತ್ರಗಳು ತಿರುಗಿಸುತ್ತವೆ. ಹಲವು ವಾರಗಳ ಕೆಲಸ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ಇಂಥ ಹಲಗೆಗಳನ್ನಿಡುವ ರೀಮ್ಸ್‌ನ ಸೀಮೆಸುಣ್ಣದ ನೆಲಮಾಳಿಗೆಗಳು 2015ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಭಾಗವಾಗಿವೆ.