ಅಂಚೆ ಕಾರ್ಡಿನಲ್ಲಿ ಉಳಿದ ಊಟಿ

ಹಳೆಯ ಪುಸ್ತಕದಂಗಡಿಯಲ್ಲಿ ಊಟಿಯ ಚಿತ್ರವಿರುವ ಅಂಚೆ ಕಾರ್ಡೊಂದು ಕೈಗೆ ಸಿಕ್ಕಿತೆನ್ನಿ. ಬಲ್ಲವರು ಮೊದಲು ಅದರ ಬೆನ್ನು ನೋಡುತ್ತಾರೆ. ನಡುವೆ ಒಂದು ಗೆರೆ ಇದ್ದು, ಒಂದು ಬದಿಗೆ ಒಕ್ಕಣೆ, ಇನ್ನೊಂದು ಬದಿಗೆ ವಿಳಾಸಕ್ಕೆ ಜಾಗವಿದೆಯೇ? ಬ್ರಿಟನ್ನಿನಲ್ಲಿ ಆ ಪದ್ಧತಿ ಬಂದದ್ದು 1902ರಲ್ಲಿ. ಅದಕ್ಕೂ ಮೊದಲು ಬೆನ್ನು ಪೂರ್ತಿ ವಿಳಾಸಕ್ಕೇ ಮೀಸಲು. ಕ್ಷೇಮ ಸಮಾಚಾರವನ್ನು ಚಿತ್ರದ ಅಂಚಿನಲ್ಲಿ ಗೀಚಬೇಕಿತ್ತು.

ನಮ್ಮಲ್ಲಿ ಕಾಲಾಣೆಯ ಸಾದಾ ಕಾರ್ಡು ಬಂದದ್ದು 1879ರ ಜುಲೈ 1ರಂದು. ಚಿತ್ರದ ಕಾರ್ಡುಗಳ ಹುಚ್ಚು ಹಿಡಿದದ್ದು ಸುಮಾರು ಎರಡು ದಶಕಗಳ ನಂತರ. ಮದರಾಸಿನ ಹಿಗಿನ್‌ಬಾಥಮ್ಸ್, ವೀಲೆ ಅಂಡ್ ಕ್ಲೈನ್ ಮುಂತಾದವರು ದಕ್ಷಿಣದ ಊರುಗಳ ನೋಟಗಳನ್ನು ಮಾರುತ್ತಿದ್ದರು. ಆ ಕಾಲದ ಇಂಥ ಕಾರ್ಡುಗಳಲ್ಲಿ ಎಷ್ಟೋ ಅಚ್ಚಾದದ್ದು ಜರ್ಮನಿಯಲ್ಲಿ. ಕಪ್ಪುಬಿಳುಪು ಛಾಯಾಚಿತ್ರಕ್ಕೆ ಬಣ್ಣ ಕೊಟ್ಟವನು ನೀಲಗಿರಿಯನ್ನು ಕಂಡವನಲ್ಲ. ಆದ್ದರಿಂದ ಕಟ್ಟಡದ ಆಕಾರವನ್ನು ನಂಬಬಹುದು, ಹೆಂಚಿನ ಕೆಂಪನ್ನು ನಂಬುವಂತಿಲ್ಲ.

ಇನ್ನು ಕಟ್ಟಡವೇ ಕಾಲವನ್ನು ಹೇಳುವುದುಂಟು. ಮೇಟ್ಟುಪಾಳ್ಯಂನಿಂದ ಹೊರಟ ಬೆಟ್ಟದ ರೈಲು 1899ರಲ್ಲಿ ಕೂನೂರಿಗೆ ಬಂದು ನಿಂತಿತು. ಊಟಿ ತಲುಪಿದ್ದು 1908ರಲ್ಲಿ. ಊಟಿಯ ರೈಲು ನಿಲ್ದಾಣ ಚಿತ್ರದಲ್ಲಿದ್ದರೆ ಕಾರ್ಡು ಅದಕ್ಕಿಂತ ಹಳೆಯದಲ್ಲ.

ಕಾಲ ಗೊತ್ತಾಯಿತು. ಆದರೆ ಚಿತ್ರ ಹೇಳದೆ ಬಿಟ್ಟದ್ದೇ ಹೆಚ್ಚು. ಕೆರೆಯ ಕಾರ್ಡು ನೋಡಿ: ಶಾಂತವಾದ ನೀರು, ದಂಡೆಯಲ್ಲಿ ಎತ್ತರದ ಮರಗಳು, ಸೃಷ್ಟಿಯಾದಾಗಿನಿಂದ ಹೀಗೇ ಇತ್ತೇನೋ ಎಂಬ ಭಾವ. ವಾಸ್ತವದಲ್ಲಿ ಕೆರೆ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1820ರ ದಶಕದಲ್ಲಿ ತೊರೆಗಳಿಗೆ ಅಡ್ಡ ಕಟ್ಟಿಸಿದ್ದು. ಊಟಿಯ ನೋಟದಿಂದ ಬೇರ್ಪಡಿಸಲಾಗದ ನೀಲಗಿರಿ ಮರವೂ ಪರದೇಶದ್ದೇ. ಆಸ್ಟ್ರೇಲಿಯದ ಈ ಮರ ಇಲ್ಲಿಗೆ ಬಂದದ್ದು 1840ರ ದಶಕದಲ್ಲಿ. ಸೌದೆಗಾಗಿ ಶೋಲಾ ಕಾಡು ಕರಗುತ್ತಿದ್ದಂತೆ ಅದನ್ನು ಎಲ್ಲೆಡೆ ನೆಟ್ಟರು. ಬೆಟ್ಟದ ಮೊದಲ ರೂಪವಾದ ಹುಲ್ಲುಗಾವಲು ಕಾರ್ಡುಗಳಲ್ಲಿ ಹಿನ್ನೆಲೆಗೆ ಸರಿದಿದೆ.

ಸಲ್ಲಿವನ್ನನ ಮೊದಲ ಮನೆಗೆ ಇಂಗ್ಲಿಷರು ಕೊಟ್ಟ ಹೆಸರು ಸ್ಟೋನ್ ಹೌಸ್. ಬಡಗರು ಅದನ್ನು ಕರೆದದ್ದು ಕಲ್ಲು ಬಂಗಲೆ ಎಂದು. ಬಡಗರ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ಈ ಹೆಸರಿಗೆ ನಮಗೆ ಅನುವಾದವೇ ಬೇಡ. ಕಾರ್ಡಿನ ಕೆಳಗೆ ಅಚ್ಚಾಗುತ್ತಿದ್ದುದು ಮಾತ್ರ ಇಂಗ್ಲಿಷ್ ಹೆಸರೇ.

ನಮಗೆ ಇನ್ನೂ ಹತ್ತಿರದ್ದು ಸೇಂಟ್ ಸ್ಟೀಫನ್ ಇಗರ್ಜಿ. 1829ರಲ್ಲಿ ತಳಪಾಯ ಹಾಕಿ, 1831ರ ಈಸ್ಟರ್ ದಿನ ಬಾಗಿಲು ತೆರೆದ ಈ ಕಟ್ಟಡ ಕಾರ್ಡು ಮಾರುವವರ ಅಚ್ಚುಮೆಚ್ಚು. ಹೊರಗಿನಿಂದ ನೋಡಿದರೆ ಇಂಗ್ಲೆಂಡಿನ ಯಾವುದೋ ಹಳ್ಳಿಯದೆನ್ನಬೇಕು. ಒಳಗಿನ ತೊಲೆಗಳು ಬಂದದ್ದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗೆ ಸೇರಿದ್ದ ಲಾಲ್‌ಬಾಗ್ ಅರಮನೆಯಿಂದ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಆ ಅರಮನೆ ಉಳಿಯಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ ನೋಡಿ ಮರಳುತ್ತಾರೆ. ಲಾಲ್‌ಬಾಗಿನ ಮರವನ್ನು ನೋಡಬೇಕಾದರೆ ಘಟ್ಟ ಹತ್ತಬೇಕು. ಊಟಿಗೆ ಹೋಗಿಬಂದ ಎಷ್ಟು ಮಂದಿ ಈ ಇಗರ್ಜಿಯೊಳಗೆ ತಲೆಯೆತ್ತಿ ನೋಡಿದ್ದಾರೋ!

ಕಟ್ಟಡಗಳ ಜೊತೆಯಲ್ಲೇ ಮಾರಾಟವಾದವು ತೋಡರ ಕಾರ್ಡುಗಳು. ಅರ್ಧ ಪೀಪಾಯಿಯ ಆಕಾರದ ಗುಡಿಸಲು, ಅದರ ಮುಂದೆ ಹೊದಿಕೆ ಹೊದ್ದು ನಿಂತ ಗಂಡಸರು, ಸುರುಳಿಗೂದಲಿನ ಹೆಂಗಸರು. ಈ ಊರು ಎದ್ದದ್ದು ಅವರ ಎಮ್ಮೆಗಳು ಮೇಯುತ್ತಿದ್ದ ನೆಲದ ಮೇಲೆ. ಸಲ್ಲಿವನ್ ಎಕರೆಗೆ ಒಂದು ರೂಪಾಯಿಯಂತೆ ಅವರಿಂದ ಭೂಮಿ ಕೊಂಡನೆಂಬ ಮಾತು ಪ್ರಸಿದ್ಧ. ಇಗರ್ಜಿಯ ಕಾರ್ಡಿನ ಕೆಳಗೆ ಅದರ ಪೂರ್ತಿ ಹೆಸರಿದೆ. ಇವರ ಚಿತ್ರದ ಕೆಳಗೆ ಸಾಮಾನ್ಯವಾಗಿ ಇರುವುದು ‘ನೀಲಗಿರಿಯ ತೋಡರು’ ಎಂಬರ್ಥದ ಒಂದು ಸಾಲು.