ಗೆಲಾಕ್ಸಿಗಳಿಗೂ ವಯಸ್ಸಾಗುತ್ತದೆಂದು ತೋರಿಸಿದ ಬಿಯಾಟ್ರಿಸ್ ಟಿನ್ಸ್ಲಿ

ಬಿಯಾಟ್ರಿಸ್ ಮ್ಯೂರಿಯೆಲ್ ಹಿಲ್ ಟಿನ್ಸ್ಲಿ (1941–1981) ಗೆಲಾಕ್ಸಿಗಳ ವಿಕಾಸದ ಅಧ್ಯಯನಕ್ಕೆ ಗಟ್ಟಿಯಾದ ಗಣಿತದ ತಳಹದಿ ಹಾಕಿಕೊಟ್ಟ ಖಗೋಳ ವಿಜ್ಞಾನಿ. ಆಕೆ ಹುಟ್ಟಿದ್ದು ಇಂಗ್ಲೆಂಡಿನ ಚೆಸ್ಟರ್ ನಗರದಲ್ಲಿ. ಬೆಳೆದದ್ದು, ಓದಿದ್ದು ನ್ಯೂಜಿಲೆಂಡಿನಲ್ಲಿ. ಸಂಶೋಧನೆ ನಡೆಸಿದ್ದು ಅಮೆರಿಕದಲ್ಲಿ. ನಕ್ಷತ್ರಗಳಂತೆ ಗೆಲಾಕ್ಸಿಗಳಿಗೂ ವಯಸ್ಸಾಗುತ್ತದೆ, ವಯಸ್ಸಿನೊಂದಿಗೆ ಅವುಗಳ ಕಾಂತಿಯೂ ಬಣ್ಣವೂ ಬದಲಾಗುತ್ತವೆ, ಆ ಬದಲಾವಣೆಯನ್ನು ಗಣನೆಗೆ ತೆಗೆದುಕೊಳ್ಳದೆ ವಿಶ್ವವನ್ನು ಅಳೆಯಲಾಗದು ಎಂಬುದು ಆಕೆಯ ಮುಖ್ಯ ಪ್ರತಿಪಾದನೆ.

ಈ ಮಾತಿನ ಮಹತ್ವ ತಿಳಿಯಬೇಕಾದರೆ 1960ರ ದಶಕದ ವಿಶ್ವವಿಜ್ಞಾನದ ಸ್ಥಿತಿಯನ್ನು ನೆನೆಯಬೇಕು. ವಿಶ್ವವು ಹಿಗ್ಗುತ್ತಿದೆ ಎಂಬುದಕ್ಕೆ 1929ರಲ್ಲಿ ಎಡ್ವಿನ್ ಹಬಲ್ ಪ್ರಕಟಿಸಿದ ಅಳತೆಗಳು ಆಧಾರವಾಗಿದ್ದವು. ಉಳಿದದ್ದು ಅದರ ಭವಿಷ್ಯದ ಪ್ರಶ್ನೆ. ಗುರುತ್ವಾಕರ್ಷಣೆಯ ಸೆಳೆತದಿಂದ ಹಿಗ್ಗುವಿಕೆ ನಿಧಾನಗೊಂಡು, ನಿಂತು, ವಿಶ್ವವು ಮತ್ತೆ ಕುಗ್ಗತೊಡಗುವುದೇ? ಅಥವಾ ಕೊನೆಯಿಲ್ಲದೆ ಹಿಗ್ಗುತ್ತಲೇ ಹೋಗುವುದೇ? ಕ್ಯಾಲಿಫೋರ್ನಿಯಾದ ಪಾಲೋಮಾರ್ ಪರ್ವತದ ಮೇಲಿರುವ 200 ಅಂಗುಲ ವ್ಯಾಸದ ದೂರದರ್ಶಕವನ್ನು ಬಳಸಿ ಅಲನ್ ಸ್ಯಾಂಡೇಜ್ ಇದಕ್ಕೆ ಉತ್ತರ ಹುಡುಕುತ್ತಿದ್ದರು. ಹಬಲ್ ಅವರ ಕಾರ್ಯವನ್ನು ಮುಂದುವರಿಸಿದ ಸ್ಯಾಂಡೇಜ್ ಆ ಕ್ಷೇತ್ರದ ಅತ್ಯಂತ ಗೌರವಾನ್ವಿತ ವ್ಯಕ್ತಿ.

ಸ್ಯಾಂಡೇಜ್ ಅವರ ವಿಧಾನ ಕೇಳಲು ಸರಳ. ಗೆಲಾಕ್ಸಿಗಳು ಗುಂಪುಗುಂಪಾಗಿ ಇರುತ್ತವೆ. ಪ್ರತಿ ಗುಂಪಿನಲ್ಲಿಯೂ ಅತ್ಯಂತ ಪ್ರಕಾಶಮಾನವಾದ ದೀರ್ಘವೃತ್ತಾಕಾರದ ಗೆಲಾಕ್ಸಿಯೊಂದನ್ನು ಆರಿಸಿಕೊಳ್ಳುವುದು. ಇವೆಲ್ಲವೂ ಸಮಾನ ಶಕ್ತಿಯ ದೀಪಗಳು ಎಂದು ಭಾವಿಸಿದರೆ, ಯಾವುದು ಎಷ್ಟು ಮಂಕಾಗಿ ಕಾಣುತ್ತದೋ ಅದು ಅಷ್ಟು ದೂರದಲ್ಲಿದೆ ಎಂದರ್ಥ. ಅದು ನಮ್ಮಿಂದ ಸರಿಯುತ್ತಿರುವ ವೇಗವನ್ನು ಬೆಳಕಿನ ಕೆಂಪು ಪಲ್ಲಟ ತಿಳಿಸುತ್ತದೆ. ದೂರ ಮತ್ತು ವೇಗಗಳನ್ನು ಹೋಲಿಸಿದರೆ ಹಿಗ್ಗುವಿಕೆ ಎಷ್ಟರಮಟ್ಟಿಗೆ ನಿಧಾನಗೊಳ್ಳುತ್ತಿದೆ ಎಂಬುದು ಹೊರಬೀಳಬೇಕು.

ಟಿನ್ಸ್ಲಿ ಪ್ರಶ್ನಿಸಿದ್ದು ಈ ಸಮಾನ ದೀಪಗಳ ಕಲ್ಪನೆಯನ್ನು. ನೂರಾರು ಕೋಟಿ ಜ್ಯೋತಿರ್ವರ್ಷಗಳಾಚೆಯ ಗೆಲಾಕ್ಸಿ ಇಂದು ನಮಗೆ ಕಾಣುವುದು ಅದರ ಬೆಳಕು ಹೊರಟ ಕಾಲದ ರೂಪದಲ್ಲಿ, ಅಂದರೆ ಅದರ ಎಳೆಯ ಪ್ರಾಯದಲ್ಲಿ. ಎಳೆಯ ಗೆಲಾಕ್ಸಿಯಲ್ಲಿ ಪ್ರಖರ ನಕ್ಷತ್ರಗಳು ಹೆಚ್ಚು. ಅದು ಸಹಜವಾಗಿಯೇ ಇಂದಿನದಕ್ಕಿಂತ ಕಾಂತಿಯುತವಾಗಿದ್ದರೆ, ಅಳೆಯುವವನು ಅದನ್ನು ನಿಜಕ್ಕಿಂತ ಹತ್ತಿರದಲ್ಲಿದೆ ಎಂದು ಎಣಿಸುತ್ತಾನೆ. ಹಿಗ್ಗುವಿಕೆ ನಿಜಕ್ಕಿಂತ ಹೆಚ್ಚು ನಿಧಾನಗೊಳ್ಳುತ್ತಿದೆ ಎಂಬ ತೀರ್ಮಾನಕ್ಕೆ ಬರುತ್ತಾನೆ. ಕಾಂತಿಯ ಕುಸಿತ ನೂರು ಕೋಟಿ ವರ್ಷಗಳಿಗೆ ಶೇಕಡ ಕೆಲವಷ್ಟೇ ಇದ್ದರೂ ಸಾಕು, ವಿಶ್ವದ ಭವಿಷ್ಯದ ಕುರಿತ ಉತ್ತರವೇ ತಲೆಕೆಳಗಾಗಬಹುದು.

ಗೆಲಾಕ್ಸಿಗಳು ಬದಲಾಗುತ್ತಿರಬಹುದು ಎಂಬ ಶಂಕೆ ಇತರರಿಗೂ ಇತ್ತು. ಆದರೆ ಶಂಕೆಯನ್ನು ಅಂಕಿಸಂಖ್ಯೆಗಳಿಗೆ ಇಳಿಸಿದ್ದು ಟಿನ್ಸ್ಲಿ ಅವರ ಹೆಗ್ಗಳಿಕೆ. ಆಕೆಯ ವಿಧಾನವನ್ನು ಜಮಾಖರ್ಚಿನ ಪುಸ್ತಕಕ್ಕೆ ಹೋಲಿಸಬಹುದು. ಆರಂಭದಲ್ಲಿ ಗೆಲಾಕ್ಸಿಯ ಬಳಿ ಇರುವ ಬಂಡವಾಳ ಅನಿಲ ಮಾತ್ರ. ಅದರಲ್ಲಿ ವರ್ಷಕ್ಕೆ ಎಷ್ಟು ಭಾಗ ನಕ್ಷತ್ರವಾಗುತ್ತದೆ, ಹುಟ್ಟುವ ನಕ್ಷತ್ರಗಳಲ್ಲಿ ಭಾರಿಯವು ಎಷ್ಟು, ಸಣ್ಣವು ಎಷ್ಟು ಎಂಬುದನ್ನು ಮೊದಲು ನಿಗದಿಪಡಿಸಬೇಕು. ಭಾರಿ ನಕ್ಷತ್ರಗಳು ನೀಲಿ ಬಣ್ಣದಿಂದ ಧಗಧಗಿಸಿ ಕೆಲವೇ ದಶಲಕ್ಷ ವರ್ಷಗಳಲ್ಲಿ ಮುಗಿದುಹೋಗುತ್ತವೆ. ಸೂರ್ಯನಂತಹವು ಸುಮಾರು 1,000 ಕೋಟಿ ವರ್ಷ ಬಾಳುತ್ತವೆ. ಅದಕ್ಕೂ ಸಣ್ಣ ಕೆಂಪು ನಕ್ಷತ್ರಗಳ ಆಯುಸ್ಸು ವಿಶ್ವದ ಈಗಿನ ವಯಸ್ಸನ್ನೂ ಮೀರುತ್ತದೆ. ಸಾಯುವ ನಕ್ಷತ್ರಗಳು ತಮ್ಮೊಡಲಲ್ಲಿ ತಯಾರಾದ ಇಂಗಾಲ, ಆಮ್ಲಜನಕ, ಕಬ್ಬಿಣಗಳನ್ನು ಅನಿಲಕ್ಕೆ ಮರಳಿಸುತ್ತವೆ. ಮುಂದಿನ ಪೀಳಿಗೆಯ ನಕ್ಷತ್ರಗಳು ಆ ಬೆರಕೆ ಅನಿಲದಿಂದ ಹುಟ್ಟುತ್ತವೆ. ಪ್ರತಿ ಕಾಲಘಟ್ಟದಲ್ಲಿಯೂ ಇವೆಲ್ಲವನ್ನೂ ಕೂಡಿ ಕಳೆದು, ಆಗ ಆ ಗೆಲಾಕ್ಸಿ ಹೊರಗಿನವರ ಕಣ್ಣಿಗೆ ಎಷ್ಟು ಕಾಂತಿಯಿಂದ, ಯಾವ ಬಣ್ಣದಲ್ಲಿ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಆಕೆಯ ಕ್ರಮ. ನಕ್ಷತ್ರಗಳ ಭೌತವಿಜ್ಞಾನ, ಧಾತುಗಳ ಉತ್ಪತ್ತಿ, ವಿಶ್ವವಿಜ್ಞಾನ ಎಂದು ಬೇರೆ ಬೇರೆ ಕೋಣೆಗಳಲ್ಲಿ ನಡೆಯುತ್ತಿದ್ದ ಕೆಲಸಗಳು ಇಲ್ಲಿ ಒಂದೇ ಮೇಜಿಗೆ ಬಂದವು.

ಈ ಕಾರ್ಯ ರೂಪುಗೊಂಡ ಪರಿಸ್ಥಿತಿ ಮಾತ್ರ ಅನುಕೂಲಕರವಾಗಿರಲಿಲ್ಲ. ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದಿದ ಆಕೆ, 1961ರಲ್ಲಿ ವಿವಾಹವಾದ ಭೌತವಿಜ್ಞಾನಿ ಬ್ರಯನ್ ಟಿನ್ಸ್ಲಿ ಅವರೊಂದಿಗೆ 1963ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರಕ್ಕೆ ಬಂದರು. ಪತಿಗೆ ಅಲ್ಲಿ ಉದ್ಯೋಗವಿತ್ತು. ಆಕೆಗೆ ಸೂಕ್ತ ಸ್ಥಾನ ದೊರೆಯಲಿಲ್ಲ. ಸಂಶೋಧನೆಗಾಗಿ 300 ಕಿಲೋಮೀಟರಿಗೂ ದೂರದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಸೇರಿ, ವಾರವಾರವೂ ಓಡಾಡುತ್ತ 1966ರ ಅಂತ್ಯಕ್ಕೆ ಡಾಕ್ಟರೇಟ್ ಪ್ರಬಂಧ ಮುಗಿಸಿದರು. ಅದರ ಸಾರ 1968ರಲ್ಲಿ ‘ಆಸ್ಟ್ರೋಫಿಸಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ನಡುವೆ ದಂಪತಿ ಇಬ್ಬರು ಮಕ್ಕಳನ್ನು ದತ್ತು ಪಡೆದಿದ್ದರು. ಇಂದು ಹೊಸ ಶಾಖೆಯೊಂದರ ಮೊದಲ ಹೆಜ್ಜೆ ಎನಿಸಿಕೊಂಡಿರುವ ಪ್ರಬಂಧವನ್ನು ಬರೆದಾಕೆಗೆ ಆ ನಂತರದ ಹಲವು ವರ್ಷ ಕಾಯಂ ಹುದ್ದೆಯಿರಲಿಲ್ಲ.

ಸ್ಯಾಂಡೇಜ್ ಸುಲಭವಾಗಿ ಒಪ್ಪಲಿಲ್ಲ. ವಯಸ್ಸಾದ ದೀರ್ಘವೃತ್ತಾಕಾರದ ಗೆಲಾಕ್ಸಿಗಳಲ್ಲಿ ಬದಲಾವಣೆ ತೀರ ಅಲ್ಪ, ಅದರಿಂದ ಅಳತೆಗೆ ಬಾಧೆಯಿಲ್ಲ ಎಂಬುದು ಅವರ ನಿಲುವು. 1970ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಅವರು ವಿಶ್ವವಿಜ್ಞಾನವನ್ನು ಎರಡು ಸಂಖ್ಯೆಗಳ ಶೋಧವೆಂದೇ ಬಣ್ಣಿಸಿದ್ದರು: ಹಿಗ್ಗುವಿಕೆಯ ದರ ಒಂದು, ಅದು ನಿಧಾನಗೊಳ್ಳುವ ಪ್ರಮಾಣ ಇನ್ನೊಂದು. ಎರಡನೆಯ ಸಂಖ್ಯೆಯನ್ನು ಈ ಮಾರ್ಗದಿಂದ ಪಡೆಯುವುದಾದರೆ ಮೊದಲು ಗೆಲಾಕ್ಸಿಗಳ ಚರಿತ್ರೆಯನ್ನು ಓದಬೇಕು ಎಂದು ಟಿನ್ಸ್ಲಿ ಒಂದರ ಹಿಂದೊಂದು ಪ್ರಬಂಧದಲ್ಲಿ ವಾದಿಸಿದರು. ವಾದ ಕ್ರಮೇಣ ಆಕೆಯ ಕಡೆಗೇ ವಾಲಿತು.

ವಿಶ್ವದ ಗತಿಯ ಬಗ್ಗೆ ಆಕೆಯೂ ಮೌನವಾಗಿರಲಿಲ್ಲ. 1974ರಲ್ಲಿ ರಿಚರ್ಡ್ ಗಾಟ್, ಜೇಮ್ಸ್ ಗನ್ ಮತ್ತು ಡೇವಿಡ್ ಶ್ರಾಮ್ ಅವರೊಡನೆ ಸೇರಿ, ಹಿಗ್ಗುವಿಕೆಯನ್ನು ತಡೆದು ನಿಲ್ಲಿಸಲು ಬೇಕಾದ ದ್ರವ್ಯದ ಸುಮಾರು ಹತ್ತನೇ ಒಂದು ಭಾಗ ಮಾತ್ರ ವಿಶ್ವದಲ್ಲಿದೆ ಎಂದು ಹಲವು ಸಾಕ್ಷ್ಯಗಳ ಆಧಾರದಲ್ಲಿ ವಾದಿಸಿದರು. ಮರುವರ್ಷ ಗನ್ ಜೊತೆಗೂಡಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಕಿರುಪ್ರಬಂಧ ಇನ್ನೂ ಮುಂದೆ ಹೋಯಿತು: ಹಿಗ್ಗುವಿಕೆ ನಿಧಾನಗೊಳ್ಳುತ್ತಿಲ್ಲ, ಬದಲಿಗೆ ವೇಗ ಪಡೆಯುತ್ತಿರಬಹುದು. ಬಳಸಿದ ದತ್ತಾಂಶ ಇಷ್ಟು ದೊಡ್ಡ ಮಾತನ್ನು ಹೊರುವಷ್ಟು ಗಟ್ಟಿಯಾಗಿರಲಿಲ್ಲ. ಎಲ್ಲಿ ತಪ್ಪಿರಬಹುದು ಎಂಬುದನ್ನು ಲೇಖಕರೇ ಚರ್ಚಿಸಿದ್ದರು. 1998ರಲ್ಲಿ ಎರಡು ತಂಡಗಳು ದೂರದ ಸೂಪರ್ನೋವಾಗಳ ಅಧ್ಯಯನದಿಂದ ವೇಗವರ್ಧನೆಯನ್ನು ಕಂಡುಕೊಂಡವು. 2011ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಆ ಶೋಧಕ್ಕೆ ಸಂದಿತು. ಆದ್ದರಿಂದ ಟಿನ್ಸ್ಲಿ ಅದನ್ನು ಮೊದಲೇ ಕಂಡಿದ್ದರು ಎನ್ನುವುದು ಅತಿಶಯೋಕ್ತಿ. ಆದರೆ ಆ ತಂಡಗಳು ಗೆಲಾಕ್ಸಿಗಳನ್ನು ಬಿಟ್ಟು ಸೂಪರ್ನೋವಾಗಳನ್ನು ದೀಪಗಳಾಗಿ ಆರಿಸಿಕೊಂಡದ್ದರ ಹಿಂದೆ ಆಕೆಯ ಪಾಠ ಇದ್ದೇ ಇತ್ತು.

1974ರಲ್ಲಿ ಆಕೆಗೆ ಆನಿ ಜಂಪ್ ಕ್ಯಾನನ್ ಪ್ರಶಸ್ತಿ ದೊರೆಯಿತು. ಅದೇ ಸುಮಾರಿಗೆ ದಾಂಪತ್ಯ ಮುರಿದುಬಿತ್ತು. 1975ರಲ್ಲಿ ಮಕ್ಕಳನ್ನು ತಂದೆಯ ಬಳಿ ಬಿಟ್ಟು ಯೇಲ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಆ ನಿರ್ಧಾರದ ಬೆಲೆ ಅಲ್ಪವೇನೂ ಅಲ್ಲ. ಯೇಲ್‌ನಲ್ಲಿ ರಿಚರ್ಡ್ ಲಾರ್ಸನ್ ಅವರೊಂದಿಗೆ 1977ರಲ್ಲಿ ಏರ್ಪಡಿಸಿದ ಗೋಷ್ಠಿ, ಗೆಲಾಕ್ಸಿಗಳ ವಿಕಾಸವನ್ನು ಸ್ವತಂತ್ರ ಶಾಖೆಯಾಗಿ ನೆಲೆಗೊಳಿಸಿತು ಎನ್ನಬಹುದು. ಎರಡು ಸುರುಳಿ ಗೆಲಾಕ್ಸಿಗಳು ಒಂದರೊಳಗೊಂದು ಬೆರೆತು ದೀರ್ಘವೃತ್ತಾಕಾರದ ಗೆಲಾಕ್ಸಿ ಉಂಟಾಗಬಹುದು ಎಂಬ ವಿಚಾರವನ್ನು ಅಲಾರ್ ಟೂಮ್ರೆ ಮಂಡಿಸಿದ್ದು ಅಲ್ಲಿಯೇ. ಮರುವರ್ಷ ಲಾರ್ಸನ್ ಮತ್ತು ಟಿನ್ಸ್ಲಿ ಅದೇ ದಿಕ್ಕಿನ ಸಾಕ್ಷ್ಯವೊಂದನ್ನು ಮುಂದಿಟ್ಟರು. ವಿಲಕ್ಷಣ ಆಕಾರದ ಗೆಲಾಕ್ಸಿಗಳ ಬಣ್ಣಗಳನ್ನು ಸಾಮಾನ್ಯ ಗೆಲಾಕ್ಸಿಗಳ ಬಣ್ಣಗಳೊಂದಿಗೆ ಹೋಲಿಸಿದಾಗ, ನೆರೆಯ ಗೆಲಾಕ್ಸಿಯ ಸೆಳೆತಕ್ಕೆ ಸಿಕ್ಕಿದವುಗಳಲ್ಲಿ ನಕ್ಷತ್ರಗಳು ಕೆಲವೇ ಕೋಟಿ ವರ್ಷಗಳ ಅವಧಿಯಲ್ಲಿ ದಂಡುದಂಡಾಗಿ ಹುಟ್ಟಿರುವುದು ಕಂಡುಬಂತು. ಗೆಲಾಕ್ಸಿಯ ವಿಕಾಸ ಎಂದರೆ ಒಂಟಿಯಾಗಿ ಮುದಿಯಾಗುವುದಷ್ಟೇ ಅಲ್ಲ, ನೆರೆಹೊರೆಯ ಒಡನಾಟವೂ ಹೌದು ಎಂಬುದು ಖಚಿತವಾಗತೊಡಗಿತು.

1978ರಲ್ಲಿ ಟಿನ್ಸ್ಲಿ ಯೇಲ್‌ನಲ್ಲಿ ಖಗೋಳ ವಿಜ್ಞಾನದ ಪ್ರಾಧ್ಯಾಪಕಿಯಾದರು. ಅಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಆಕೆ. ಅದೇ ವರ್ಷ ಚರ್ಮದ ಕ್ಯಾನ್ಸರ್ ಪತ್ತೆಯಾಯಿತು. 1980ರಲ್ಲಿ ಬಂದ ಆಕೆಯ ಸುದೀರ್ಘ ಸಮೀಕ್ಷಾ ಪ್ರಬಂಧವನ್ನು ಸಂಶೋಧನಾ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಬಲಗೈ ಸ್ವಾಧೀನ ತಪ್ಪಿದಾಗ ಎಡಗೈಯಲ್ಲಿ ಬರೆಯುವುದನ್ನು ರೂಢಿಸಿಕೊಂಡರು. ಕೊನೆಯ ಪ್ರಬಂಧವನ್ನು ಪ್ರಕಟಣೆಗೆ ಕಳುಹಿಸಿದ ಹತ್ತು ದಿನಗಳಲ್ಲಿ, 1981ರ ಮಾರ್ಚ್ 23ರಂದು, ನಲವತ್ತನೆಯ ವಯಸ್ಸಿನಲ್ಲಿ ನಿಧನರಾದರು. ಅಮೆರಿಕನ್ ಖಗೋಳ ಸಂಘವು ಆಕೆಯ ಹೆಸರಿನಲ್ಲಿ ಬಹುಮಾನ ಸ್ಥಾಪಿಸಿದೆ. ನ್ಯೂಜಿಲೆಂಡಿನ ಫಿಯರ್ಡ್‌ಲ್ಯಾಂಡ್ ಪ್ರದೇಶದ ಶಿಖರವೊಂದಕ್ಕೆ 2010ರಲ್ಲಿ ಆಕೆಯ ಹೆಸರಿಡಲಾಯಿತು.

ದೂರದ ಗೆಲಾಕ್ಸಿಯೊಂದರ ದ್ರವ್ಯರಾಶಿ ಇಷ್ಟು, ವಯಸ್ಸು ಇಷ್ಟು ಎಂದು ಇಂದು ಪ್ರಕಟವಾಗುವ ಅಂದಾಜುಗಳ ಹಿಂದೆ ಇರುವುದು ಬಹುಮಟ್ಟಿಗೆ ಟಿನ್ಸ್ಲಿ ಮಾದರಿಯ ಗಣನೆಯ ಬೆಳೆದ ರೂಪ. 2021ರ ಡಿಸೆಂಬರ್ 25ರಂದು ಗಗನಕ್ಕೇರಿದ ಜೇಮ್ಸ್ ವೆಬ್ ದೂರದರ್ಶಕ ಅದನ್ನು ಕಠಿಣ ಪರೀಕ್ಷೆಗೆ ಒಡ್ಡಿದೆ. ಮಹಾಸ್ಫೋಟದ ನಂತರ ಸುಮಾರು 60 ಕೋಟಿ ವರ್ಷಗಳಷ್ಟು ಹಿಂದೆಯೇ ನಿರೀಕ್ಷೆಗೆ ಮೀರಿದ ತೂಕದ ಗೆಲಾಕ್ಸಿಗಳು ಇದ್ದಂತೆ ತೋರುತ್ತದೆ ಎಂಬ ವರದಿ 2023ರಲ್ಲಿ ಪ್ರಕಟವಾದಾಗ, ವಿಶ್ವವಿಜ್ಞಾನದ ಬುಡವೇ ಅಲುಗಿತೇ ಎಂಬ ಚರ್ಚೆ ಎದ್ದಿತ್ತು. ಅವುಗಳಲ್ಲಿ ಕೆಲವು ಅಷ್ಟು ಪ್ರಖರವಾಗಿ ಕಾಣಲು ನಕ್ಷತ್ರಗಳಷ್ಟೇ ಅಲ್ಲ, ಕಪ್ಪುಕುಳಿಗಳ ಸುತ್ತ ಕಾದ ಅನಿಲವೂ ಕಾರಣವೆಂದು ಬಳಿಕದ ಅಧ್ಯಯನಗಳು ಸೂಚಿಸಿದವು. ಅಂದಾಜಿನ ತೂಕ ಇಳಿಯಿತು. ಆ ಆದಿಕಾಲದಲ್ಲಿ ಭಾರಿ ನಕ್ಷತ್ರಗಳ ಪಾಲು ಇಂದಿನಷ್ಟೇ ಇತ್ತೇ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಆ ಪಾಲು ಹೆಚ್ಚಿದ್ದರೆ, ಅಷ್ಟೇ ಬೆಳಕಿಗೆ ಕಡಿಮೆ ತೂಕದ ಗೆಲಾಕ್ಸಿ ಸಾಕಾಗುತ್ತದೆ.