ಗೌರಿ ಹೂವಿನ ವಿಷ ತೋರಿಸಿದ ದಾರಿ

ಸಾನಮಾವಿನಂಥ ಕಾಡಂಚಿನ ಊರುಗಳ ಮಕ್ಕಳಿಗೆ ನಾವು ಒಂದು ಹೂವಿನ ಎರಡು ಹೆಸರನ್ನೂ ಹೇಳಿಕೊಡಬೇಕು. ಕನ್ನಡದಲ್ಲಿ ಅದು ಗೌರಿ ಹೂ, ಅಗ್ನಿಶಿಖೆ. ತಮಿಳಿನಲ್ಲಿ ಸೆಂಗಾಂದಳ್, ತಮಿಳುನಾಡಿನ ರಾಜ್ಯಪುಷ್ಪ. ಮಳೆಗಾಲದಲ್ಲಿ ಬೇಲಿಗೆ ಹಬ್ಬಿ, ಕೆಂಪು ಹಳದಿ ಎಸಳುಗಳನ್ನು ಬೆಂಕಿಯ ನಾಲಿಗೆಯಂತೆ ಮೇಲಕ್ಕೆ ಚಾಚುವ ಬಳ್ಳಿ ಇದು. ಹಳೆಯ ತಮಿಳು ಕಾವ್ಯ ‘ಕುರಿಂಜಿಪ್ಪಾಟ್ಟು’ ಹೆಸರಿಸುವ 99 ಹೂಗಳಲ್ಲಿ ಮೊದಲನೆಯದೇ ಕಾಂದಳ್!

ಇದರ ಗೆಡ್ಡೆ ನೇಗಿಲಿನ ಆಕಾರದ್ದು. ಅದಕ್ಕೇ ಸಂಸ್ಕೃತದಲ್ಲಿ ‘ಲಾಂಗಲಿ’ ಎಂಬ ಹೆಸರು. ಆಯುರ್ವೇದ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಆ ವಿಷವೇ ಕಾಲ್ಚಿಸಿನ್. 1820ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವಂಟು ಅದನ್ನು ಯುರೋಪಿನ ಕಾಲ್ಚಿಕಮ್ ಗಿಡದಿಂದ ಬೇರ್ಪಡಿಸಿದರು. ಆ ಗಿಡ ಗೌಟ್ ಎಂಬ ಕೀಲುನೋವಿಗೆ ಬಹು ಹಿಂದಿನಿಂದಲೂ ಔಷಧಿ. ನಮ್ಮ ಗೌರಿ ಹೂವಿನ ಬಳ್ಳಿಯಲ್ಲೂ ಅದೇ ವಸ್ತುವಿದೆ ಎಂದು 1915ರಲ್ಲಿ ತಿಳಿಯಿತು.

ಕಾಲ್ಚಿಸಿನ್ ಕೋಶವಿಭಜನೆಯನ್ನು ಅರ್ಧದಲ್ಲೇ ನಿಲ್ಲಿಸುತ್ತದೆ. ಹೇಗೆ? ಇದನ್ನು ತಿಳಿಯಲು ಅಮೆರಿಕದ ಷಿಕಾಗೋದಲ್ಲಿ ಬೋರಿಸಿ ಮತ್ತು ಟೇಲರ್ ವಿಕಿರಣಶೀಲ ಕಾಲ್ಚಿಸಿನ್ ಬಳಸಿ, ಅದು ಕೋಶದೊಳಗೆ ಯಾವುದಕ್ಕೆ ಅಂಟಿಕೊಳ್ಳುತ್ತದೆಂದು ಹುಡುಕಿದರು. 1967ರಲ್ಲಿ ಒಂದು ಪ್ರೋಟೀನು ಸಿಕ್ಕಿತು. ಮರುವರ್ಷ ಜಪಾನಿನ ಮೋಹ್ರಿ ಅದಕ್ಕೆ ‘ಟ್ಯೂಬುಲಿನ್’ ಎಂದು ಹೆಸರಿಟ್ಟರು. ಅಂದರೆ ಪ್ರೋಟೀನಿನ ಗುರುತು ಹಿಡಿಸಿಕೊಟ್ಟದ್ದೇ ವಿಷ!

ಟ್ಯೂಬುಲಿನ್ ಇಟ್ಟಿಗೆಯಿದ್ದಂತೆ. ಇಟ್ಟಿಗೆಗಳು ಸಾಲಾಗಿ ಜೋಡಿಸಿಕೊಂಡು ಸೂಕ್ಷ್ಮನಾಳಗಳಾಗುತ್ತವೆ. ಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಹಗ್ಗಗಳು ಇವೇ. ಕಾಲ್ಚಿಸಿನ್ ಅಂಟಿದ ಇಟ್ಟಿಗೆ ಸೇರಿದರೆ ನಾಳ ಮುಂದೆ ಬೆಳೆಯದು.

ಶಾಲೆಯಂಗಳದ ನಿತ್ಯಪುಷ್ಪದಲ್ಲಿರುವ ವಿಂಕ್ರಿಸ್ಟಿನ್ ಕೂಡ ಟ್ಯೂಬುಲಿನ್ನಿಗೇ ಅಂಟುತ್ತದೆ. ಮಕ್ಕಳ ರಕ್ತಕ್ಯಾನ್ಸರಿಗೆ ಅದು ಮುಖ್ಯ ಔಷಧಿಗಳಲ್ಲೊಂದು. ಹಾಗೆಂದು ಎಲೆ ಕಿತ್ತು ಕಷಾಯ ಮಾಡುವಂತಿಲ್ಲ. ಶುದ್ಧೀಕರಿಸಿ, ಅಳತೆ ಮಾಡಿ, ವೈದ್ಯರೇ ರಕ್ತನಾಳಕ್ಕೆ ಕೊಡಬೇಕು. ಗೌರಿ ಹೂವನ್ನೂ ಕರೂರು, ದಿಂಡಿಗಲ್, ತಿರುಪ್ಪೂರು ಕಡೆಯ ರೈತರು ಕಾಲ್ಚಿಸಿನ್ ತೆಗೆಯುವ ಬೀಜಕ್ಕಾಗಿ ಬೆಳೆಯುತ್ತಾರೆ.

ಆದರೆ ಗೆಡ್ಡೆಯನ್ನು ಗೆಣಸೆಂದು ತಿಂದರೆ ಪ್ರಾಣಕ್ಕೇ ಅಪಾಯ. ಬೇಗಬೇಗ ವಿಭಜಿಸುವ ಕರುಳಿನ, ಅಸ್ಥಿಮಜ್ಜೆಯ ಕೋಶಗಳಿಗೆ ಪೆಟ್ಟು ಬೀಳುತ್ತದೆ. ವಾಂತಿಭೇದಿ ಶುರುವಾಗಲು ಕೆಲವು ಗಂಟೆ ಹಿಡಿಯಬಹುದು. ಅಲ್ಲಿಯವರೆಗೆ ಕಾಯಬಾರದು. ಉಳಿದ ಗೆಡ್ಡೆಯ ಚೂರನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಕ್ಕಳೇ, ಹೂವನ್ನು ಕಣ್ತುಂಬ ನೋಡಿ, ಗೆಡ್ಡೆಯನ್ನು ಮಾತ್ರ ಅಗೆಯಬೇಡಿ.